ಕನ್ನಡಿಗಳ ಮೇಲೊಂದು ಗಾಜು

ಕೊಟ್ಟೂರಿನಲ್ಲಿ ಫೋಟೊಗೆ ಕಟ್ಟು ಹಾಕುವ ಅಂಗಡಿಯೆಂದರೆ ಗೋಡೆ ತುಂಬಾ ಕೊಟ್ಟೂರೇಶ್ವರನದೇ ದರ್ಬಾರು. ಅಲ್ಲಿ ಟೇಬಲ್ಲಿನ ಮೇಲೆ ಒಂದು ಕಸೂತಿ ಪಟ್ಟಿ ಬಿಚ್ಚಿಕೊಂಡದ್ದೇ ತಡ, ನಾನು ಬಂದ ಕೆಲಸ ಮರೆತೆ. ಕೂಡ್ಲಿಗಿ ಕಡೆಯ ಲಂಬಾಣಿ ತಾಂಡಾದ ತಾಯಿ, ಮಗಳು ತಂದದ್ದು. ಅಜ್ಜಿಯ ತಲೆಮುಸುಕಿನ ಅಂಚಂತೆ. ಆಳೆತ್ತರ ಉದ್ದ, ಅಂಗೈ ಅಗಲ. ಕನ್ನಡಿ, ಕವಡೆ, ಕೆಂಪು ನೂಲು.

‘ಎರಡು ತುಂಡು ಮಾಡಿದ್ರೆ ಸಣ್ಣ ಗಾಜು ಸಾಕು’ ಎಂದರು ಅಂಗಡಿಯವರು. ‘ಕತ್ತರಿ ಮುಟ್ಟಿಸಂಗಿಲ್ಲ’ ಎಂದಳು ತಾಯಿ.

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳ ಕೆಲಸ, 1755 ವಸ್ತುಗಳ ಪ್ರದರ್ಶನವಾಗಿ ಗಿನ್ನೆಸ್ ಸೇರಿತು. ಸಂತೋಷ. ಆದರೆ ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಂಡಾಗಳ ಟ್ರಂಕುಗಳಲ್ಲಿ ಮಡಚಿಟ್ಟದ್ದನ್ನು ಎಣಿಸಿದವರು ಯಾರು?

ನನ್ನ ಕಣ್ಣು ನೆಟ್ಟದ್ದು ಅಂಚಿನ ಕಾಸುಗಳ ಮೇಲೆ. ನಡುವೆ ದೊಡ್ಡ ತೂತು, ಮೇಲೊಂದು ಕಿರೀಟ, ರಾಜನ ಮುಖವೇ ಇಲ್ಲ. ಯುದ್ಧಕಾಲದಲ್ಲಿ ತಾಮ್ರ ಉಳಿಸಲೆಂದು ಶುರುಮಾಡಿ, 1943ರಿಂದ 1947ರವರೆಗೆ ಸರ್ಕಾರ ಟಂಕಿಸಿದ ಒಂದು ಪೈಸೆ. ಬೇರೆ ನಾಣ್ಯವಾದರೆ ಕೊಂಡಿ ಬೆಸೆಯಬೇಕು, ಇಲ್ಲವೇ ತೂತು ಕೊರೆಯಬೇಕು. ಇದಕ್ಕೆ ಟಂಕಸಾಲೆಯೇ ಆ ಉಪಕಾರ ಮಾಡಿತ್ತು. ಸೂಜಿ ಹಿಡಿದವಳಿಗೆ ಇನ್ನೇನು ಬೇಕು! ಒಂದೊಂದನ್ನೂ ತಿರುವಿ ಇಸವಿ ಓದುತ್ತಾ ಕೂತೆ. ಒಂದು 1944. ಮತ್ತೊಂದರ ಇಸವಿ ಸವೆದು ಹೋಗಿತ್ತು. ಮಗಳು ಗಡಿಯಾರ ನೋಡಿದಳು.

ಕಟ್ಟು ಹಾಕುವಲ್ಲಿ ಕಷ್ಟ ಕೊಡುವುದೂ ಈ ಕಾಸು, ಕವಡೆಗಳೇ. ಗಾಜು ಬಟ್ಟೆಗೆ ತಾಗಿದರೆ ಕವಡೆ ಒತ್ತಿ ನೂಲು ಸವೆಯುತ್ತದೆ, ಮಳೆಗಾಲದ ತೇವ ಒಳಗೇ ಕೂತು ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಗಾಜಿಗೂ ಬಟ್ಟೆಗೂ ನಡುವೆ ಸುತ್ತಲೂ ಅರ್ಧ ಇಂಚಿನ ಮರದ ಪಟ್ಟಿ ಕೊಡಬೇಕು. ಫೆವಿಕಾಲ್ ಬೇಡವೇ ಬೇಡ: ಒಗೆದ ಕೋರಾ ಬಟ್ಟೆಯನ್ನು ಹಲಗೆಗೆ ಬಿಗಿದು, ಅದಕ್ಕೆ ಕಸೂತಿ ಪಟ್ಟಿಯನ್ನು ಸಣ್ಣ ಹೊಲಿಗೆಯಲ್ಲಿ ಕೂರಿಸಬೇಕು. ಕಾಸಿರುವ ಕಡೆ ಹೊಲಿಗೆ ಒತ್ತಾಗಿರಲಿ, ಇಲ್ಲದಿದ್ದರೆ ಭಾರಕ್ಕೆ ಅಂಚು ಜೋತುಬೀಳುತ್ತದೆ. ಬಿಸಿಲು ಬೀಳುವ ಗೋಡೆ ಬೇಡ. ಕೆಂಪು ಬೇಗ ಮಾಸುತ್ತದೆ.

ನಡೆದರೆ ಗಲಗಲ ಎನ್ನಬೇಕಾದದ್ದನ್ನು ಗಾಜಿನೊಳಗೆ ಕೂರಿಸುವುದು ನನಗಂತೂ ಅಷ್ಟಾಗಿ ಹಿಡಿಸದು. ಅದನ್ನು ಹೇಳಿಯೂ ಹೇಳಿದೆ. ‘ಟ್ರಂಕಿನಾಗ ಇಲಿ ಕಡೀತಾವ’ ಎಂದಳು ತಾಯಿ. ಮಾತು ಮುಗಿಯಿತು. ಹಿಂಬದಿಗೆ ಮೊಳೆಯ ಬದಲು ತಿರುಪು, ವರ್ಷಕ್ಕೊಮ್ಮೆ ಬಿಚ್ಚಿ ನೋಡಲು. ಆ ಉದ್ದದ ಗಾಜು ಹೊಸಪೇಟೆಯಿಂದ ಬರಬೇಕಂತೆ. ಯಾವ ಬಸ್ಸಿನ ಕಂಡಕ್ಟರ್ ಅದನ್ನು ಹತ್ತಿಸಿಕೊಂಡಾನು ಎಂಬುದೊಂದೇ ಈಗ ಅಂಗಡಿಯವರ ಚಿಂತೆ.