ಜೇಬಿನ ಮಡಚುವ ಚಾಕು: ಆಯ್ಕೆ ಮತ್ತು ಆರೈಕೆ

ತೋಟಕ್ಕೆ ಹೊರಟ ರೈತನ ಜೇಬಿನಲ್ಲಿ ಮಡಚುವ ಚಾಕು ಇದ್ದರೆ ಹಗ್ಗ ಕೊಯ್ಯಲು, ಗೊಬ್ಬರದ ಚೀಲ ಬಿಚ್ಚಲು, ರೋಗ ತಗುಲಿದ ಟಿಸಿಲು ಸವರಲು ಮನೆಗೆ ಓಡಬೇಕಾಗಿಲ್ಲ. ಇಂತಹ ಚಾಕುಗಳನ್ನು ಅಕ್ಕರೆಯಿಂದ ಕೂಡಿಟ್ಟು ದಿನವೂ ಬಳಸಿ ನೋಡುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ಅವರ ಒಲವುಗಳಲ್ಲಿ ಕೆಲವು ಬರೀ ಷೋಕಿ. ಉಳಿದವು ಬೇಸಾಯಗಾರರು ತಿಳಿಯತಕ್ಕಂಥವು.

ಅವರಲ್ಲಿ ಮುಗಿಯದ ವಾದವೆಂದರೆ ಉಕ್ಕಿನದು. ಕಾರ್ಬನ್ ಉಕ್ಕಿನ ಅಲಗು ಸಾಮಾನ್ಯ ಸಾಣೆಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ. ಆದರೆ ತೇವ ಉಳಿದರೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿರುವ ಕ್ರೋಮಿಯಂ ಅಲಗಿನ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಈಚಿನ ಕೆಲವು ದುಬಾರಿ ಉಕ್ಕುಗಳು ಬಹುಕಾಲ ಮೊಂಡಾಗುವುದಿಲ್ಲವೇನೋ ನಿಜ, ಆದರೆ ಒಮ್ಮೆ ಮೊಂಡಾದರೆ ಅವನ್ನು ಮಸೆಯಲು ವಜ್ರದ ಪುಡಿ ಕೂರಿಸಿದ ಸಾಣೆಯೇ ಬೇಕಾಗಬಹುದು. ಹೊಲದ ಕೆಲಸಕ್ಕೆ ಇದು ಹೊಂದದು.

ಅಡಿಕೆ, ಮಾವಿನಕಾಯಿ ಕೊಯ್ದಾಗ ಕಾರ್ಬನ್ ಉಕ್ಕು ಕಪ್ಪಾಗುವುದನ್ನು ಕಂಡು ಹಲವರು ಗಾಬರಿಪಡುತ್ತಾರೆ. ಕಾಯಿಯ ಒಗರು ಕಬ್ಬಿಣದೊಡನೆ ಕೂಡಿ ಈ ಬಣ್ಣ ಬರುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಕಪ್ಪು ಬಣ್ಣ ತಯಾರಿಸುತ್ತಿದ್ದುದೂ ಹೀಗೆಯೇ. ಹವ್ಯಾಸಿಗಳು ಈ ಕಪ್ಪನ್ನು ಬೇಕೆಂದೇ ಬರಿಸಿಕೊಳ್ಳುವುದುಂಟು! ಅದರಿಂದ ಹಾನಿಯಿಲ್ಲ. ಹೆದರಬೇಕಾದದ್ದು ಕೆಂಪು ತುಕ್ಕಿಗೆ. ಕೆಲಸ ಮುಗಿದೊಡನೆ ಅಲಗನ್ನು ಒರೆಸಿ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಉಕ್ಕಿಗಿಂತ ಮುಖ್ಯವಾದದ್ದು ಬೀಗ. ಅಗ್ಗದ ಚಾಕುಗಳಲ್ಲಿ ಬಿಚ್ಚಿದ ಅಲಗನ್ನು ಒಂದು ಸ್ಪ್ರಿಂಗ್ ಮಾತ್ರ ಒತ್ತಿ ಹಿಡಿದಿರುತ್ತದೆ. ಗಟ್ಟಿ ಕಡ್ಡಿಗೆ ತುದಿಯನ್ನು ಚುಚ್ಚಿ ತಿರುವಿದಾಗ ಅಲಗು ಮಡಚಿ ನೇರವಾಗಿ ಬೆರಳಿನ ಮೇಲೆ ಬೀಳುತ್ತದೆ. ಫ್ರಾನ್ಸಿನ ಸವಾಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ, ರೈತಾಪಿ ಜನರಿಗೆ ಪ್ರಿಯವಾದ ಮರದ ಹಿಡಿಯ ಚಾಕುವಿಗೂ ಮೊದಲು ಬೀಗವಿರಲಿಲ್ಲ. 1955ರಲ್ಲಿ ಅದರ ಕೊರಳಿಗೆ ತಿರುಗುವ ಉಕ್ಕಿನ ಉಂಗುರ ಬಂದಿತು. ಉಂಗುರವನ್ನು ತಿರುವಿದರೆ ಅಲಗು ಮಡಚಲಾರದು. ಇದರ 8ನೇ ನಂಬರಿನ ಚಾಕು, 8.5 ಸೆಂ.ಮೀ. ಅಲಗಿನದು, ಹವ್ಯಾಸಿಗಳಿಗೆ ಇಂದಿಗೂ ಅಚ್ಚುಮೆಚ್ಚು. ಅಲಗು ತೆಳುವಾಗಿರುವುದರಿಂದ ಚೆನ್ನಾಗಿ ಕೊಯ್ಯುತ್ತದೆ, ಜೇಬಿಗೆ ಭಾರವೂ ಅಲ್ಲ. ಅಮೆರಿಕದ ಸ್ಪೈಡರ್ಕೊ ಸಂಸ್ಥೆ 1981ರಲ್ಲಿ ಹೊರತಂದ ಚಾಕುವಿನ ಅಲಗಿನಲ್ಲಿ ದುಂಡನೆಯ ತೂತಿತ್ತು. ಹೆಬ್ಬೆರಳನ್ನು ಅದಕ್ಕೆ ಕೊಟ್ಟು ಒಂದೇ ಕೈಯಲ್ಲಿ ಬಿಚ್ಚಬಹುದು. ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿದವರಿಗೆ ಇದರ ಬೆಲೆ ಗೊತ್ತು.

ಕಸಿ ಕಟ್ಟುವವರು ಮಾತ್ರ ಜೇಬಿನ ಚಾಕುವನ್ನೇ ನೆಚ್ಚಬಾರದು. ಸಾಮಾನ್ಯ ಚಾಕುವನ್ನು ಎರಡೂ ಬದಿಗೆ ಇಳಿಜಾರಾಗಿ ಮಸೆದಿರುತ್ತಾರೆ. ಕಸಿ ಚಾಕು ಹಲವು ವೇಳೆ ಒಂದು ಬದಿ ಚಪ್ಪಟೆಯಾಗಿದ್ದು, ಮತ್ತೊಂದು ಬದಿ ಮಾತ್ರ ಇಳಿಜಾರಾಗಿರುತ್ತದೆ. ಆದ್ದರಿಂದ ಗಾಯ ಸಮತಟ್ಟಾಗಿ ಬಂದು ಕಸಿಕಡ್ಡಿ ಬುಡಗಿಡಕ್ಕೆ ಒತ್ತಾಗಿ ಕೂಡುತ್ತದೆ. ಎಡಗೈಯವರು ಕೊಳ್ಳುವಾಗ ತಮಗೆ ಹೊಂದುವ ಬದಿಯನ್ನು ಕೇಳಿ ಪಡೆಯಬೇಕು. ರೋಗದ ಗಿಡ ಮುಟ್ಟಿದ ಅಲಗನ್ನು ಶೇ. 70ರ ಮದ್ಯಸಾರದಿಂದ ಒರೆಸಿದ ಮೇಲೆಯೇ ಮುಂದಿನ ಗಿಡಕ್ಕೆ ಹೋಗಬೇಕು. ಬ್ಲೀಚಿಂಗ್ ದ್ರಾವಣ ಕಾರ್ಬನ್ ಉಕ್ಕನ್ನು ತಿಂದುಹಾಕುತ್ತದೆ.

ಮರದ ಹಿಡಿಯ ಚಾಕು ಮಳೆಗಾಲದಲ್ಲಿ ಉಬ್ಬಿ ಬಿಚ್ಚಲು ಬಾರದಿರಬಹುದು. ಹಲ್ಲಿನಿಂದ ಎಳೆಯದೆ, ಒಂದು ದಿನ ನೆರಳಿನಲ್ಲಿ ಆರಗೊಡಬೇಕು.