ಬೀಗವೂ ನ್ಯಾಯವೂ

ಕಳ್ಳಸರಕಿನ ಅಂಗಡಿಗೆ ಬೀಗ ಹಾಕಿಸುವುದು ಆಳುವವರ ಧರ್ಮವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಬೀಗ ಬಿದ್ದುದೇಕೆಂದು ಕೇಳುವ ಹಕ್ಕು ಅಂಗಡಿಯವನಿಗೂ ಗಿರಾಕಿಗೂ ಇರಬೇಡವೇ? ಅಂತರ್ಜಾಲದ ತಾಣಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ವಾಚಕರ ಮುಂದಿಡಬಯಸುತ್ತೇವೆ.

ಮಾಹಿತಿ ತಂತ್ರಜ್ಞಾನ ಕಾಯಿದೆಗೆ ೨೦೦೮ರ ತಿದ್ದುಪಡಿಯಿಂದ ಸೇರಿದ ೬೯-ಎ ಕಲಮು, ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಗಾಗಿ ತಾಣಗಳನ್ನು ತಡೆಯುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿರುವುದು. ಕಾರಣಗಳನ್ನು ಬರೆದಿಡಬೇಕೆಂದೂ ಅದು ವಿಧಿಸುತ್ತದೆ. ಆದರೆ ೨೦೦೯ರ ನಿಯಮಗಳಲ್ಲಿ ೧೬ನೆಯದು, ದೂರನ್ನೂ ಅದರ ಮೇಲಣ ಕ್ರಮವನ್ನೂ ಗುಟ್ಟಾಗಿಡತಕ್ಕದ್ದೆನ್ನುತ್ತದೆ. ಆಜ್ಞೆಗಳನ್ನು ಎರಡು ತಿಂಗಳಿಗೊಮ್ಮೆಯಾದರೂ ಪರಿಶೀಲಿಸತಕ್ಕ ಸಮಿತಿಯಲ್ಲಿರುವವರು ಸರಕಾರದ ಕಾರ್ಯದರ್ಶಿಗಳೇ, ನ್ಯಾಯಾಧೀಶರೊಬ್ಬರೂ ಇಲ್ಲ.

೨೦೧೫ರ ಮಾರ್ಚಿ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಎತ್ತಿಹಿಡಿಯಿತು. ಕಾರಣಗಳು ಬರಹದಲ್ಲಿರುವುದರಿಂದ ರಿಟ್ ಅರ್ಜಿಯ ಮೂಲಕ ಅವನ್ನು ಪ್ರಶ್ನಿಸಬಹುದೆಂದಿತು. ಸರಿಯೆ, ಆದರೆ ಕಣ್ಣಿಗೆ ಬೀಳದ ಆಜ್ಞೆಯನ್ನು ಪ್ರಶ್ನಿಸುವುದೆಂತು?

ತುರ್ತಿದ್ದಲ್ಲಿ ಸರಕಾರವು ಮೊದಲು ತಡೆಯಲಿ. ಅನಂತರ ಗೊತ್ತಾದ ದಿನಗಳೊಳಗೆ ಆ ಆಜ್ಞೆಯು ನ್ಯಾಯಾಧೀಶರ ಮುಂದೆ ಬರಲಿ, ತಾಣದವರಿಗೆ ಅದರ ಪ್ರತಿ ದೊರೆಯಲಿ. ಹೀಗಾದರೆ ಅಪರಾಧಿಗೆ ಆಶ್ರಯ ದೊರೆಯದು, ನಿರಪರಾಧಿಗೆ ಅನ್ಯಾಯವೂ ಆಗದು ಎಂಬುದು ನಮ್ಮ ಅಭಿಪ್ರಾಯ.