ನಾದಕ್ಕೆ ದಾರಿ

ವೀಣೆಗೆ ಕೊಡವಿದೆ, ತಂಬೂರಿಗೆ ಬುರುಡೆಯಿದೆ, ಮೃದಂಗಕ್ಕೆ ಮರದ ಒಡಲಿದೆ. ಬೆರಳು ಸೋಕಿದೊಡನೆ ಹುಟ್ಟುವ ಸಣ್ಣ ಕಂಪನವನ್ನು ತುಂಬು ನಾದವಾಗಿ ಬೆಳೆಸುವ ಶಕ್ತಿ ಈ ವಾದ್ಯಗಳ ಮೈಯಲ್ಲಿಯೇ ಅಡಗಿದೆ. ಆದುದರಿಂದ ವೈಣಿಕನು ಮರದ ನೆರಳಿನಲ್ಲಿ ಕುಳಿತು ನುಡಿಸಿದರೂ ಸಂಗೀತ ಹೊಮ್ಮುತ್ತದೆ. ಸಿಂಥಸೈಜರ್ ಎಂಬ ಕೀಬೋರ್ಡ್ ವಾದ್ಯದ ಸ್ಥಿತಿ ಹಾಗಲ್ಲ. ಅದರೊಳಗೆ ಮಿಡಿಯುವ ತಂತಿಯಿಲ್ಲ, ಬಿಗಿದ ಚರ್ಮವಿಲ್ಲ, ಗಾಳಿ ತುಂಬುವ ತಿದಿಯಿಲ್ಲ. ಕೀಲಿಯನ್ನು ಒತ್ತಿದಾಗ ಅಲ್ಲಿ ಹುಟ್ಟುವುದು ವಿದ್ಯುತ್ತಿನ ಏರಿಳಿತ ಮಾತ್ರ. ಮನೆಯ ಬಳಕೆಯ ಚಿಕ್ಕ ಕೀಬೋರ್ಡುಗಳಲ್ಲಿ ಸ್ಪೀಕರನ್ನು ಒಳಗೇ ಅಳವಡಿಸಿರುತ್ತಾರೆ. ವೇದಿಕೆಗೆಂದು ತಯಾರಾದ ಬಹುತೇಕ ಸಿಂಥಸೈಜರುಗಳಲ್ಲಿ ಅದೂ ಇರುವುದಿಲ್ಲ. ಜೊತೆಯ ಉಪಕರಣಗಳಿಲ್ಲದೆ ಅದು ಮೂಕವಾದ್ಯ. ಅದಕ್ಕೆ ಮಾತು ಬರುವುದು ನಾವು ಮಾಡುವ ಜೋಡಣೆಯಿಂದ. ಆ ಮಾತು ಹಿತವಾಗಿರುವುದೂ ಕರ್ಕಶವಾಗುವುದೂ ಬಹುಮಟ್ಟಿಗೆ ಆ ಜೋಡಣೆಯನ್ನೇ ಅವಲಂಬಿಸಿದೆ.

ಈ ವಾದ್ಯದ ಚರಿತ್ರೆಯೇ ಜೋಡಣೆಯ ಚರಿತ್ರೆ. ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ, ಹರ್ಬರ್ಟ್ ಡಾಯ್ಚ್ ಎಂಬ ಸಂಗೀತಗಾರನ ಸಹಕಾರದೊಂದಿಗೆ ರೂಪಿಸಿದ ಸಿಂಥಸೈಜರ್ ಹಲವು ಬಿಡಿ ಘಟಕಗಳ ಸಮೂಹವಾಗಿತ್ತು. ಒಂದು ಘಟಕ ಸ್ವರವನ್ನು ಹುಟ್ಟಿಸಿದರೆ ಇನ್ನೊಂದು ಅದನ್ನು ಸೋಸುತ್ತಿತ್ತು. ಮತ್ತೊಂದು ಅದರ ಏರಿಳಿತವನ್ನು ನಿಯಂತ್ರಿಸುತ್ತಿತ್ತು. ಇವುಗಳ ನಡುವೆ ವಾದಕನು ತಾನೇ ತಂತಿಗಳನ್ನು ಸಿಕ್ಕಿಸಬೇಕಾಗಿತ್ತು. ತಂತಿಯ ಸ್ಥಾನ ಬದಲಾದರೆ ನಾದದ ಬಣ್ಣವೇ ಬದಲಾಗುತ್ತಿತ್ತು. 1970ರಲ್ಲಿ ಬಂದ ಮಿನಿಮೋಗ್ ವಾದ್ಯದಲ್ಲಿ ಒಳಜೋಡಣೆಯನ್ನು ತಯಾರಕರೇ ಮಾಡಿ ಮುಗಿಸಿದರು. ವಾದಕನಿಗೆ ಉಳಿದದ್ದು ಹೊರಜೋಡಣೆ. ಅದನ್ನು ಇಂದಿಗೂ ಅವನೇ ಮಾಡಿಕೊಳ್ಳಬೇಕು.

ವಾದ್ಯದ ಹಿಂಬದಿಯಲ್ಲಿ ಗುಂಡಗಿನ ರಂಧ್ರಗಳ ಸಾಲೊಂದಿರುತ್ತದೆ. ಇವುಗಳಿಗೆ ಜ್ಯಾಕ್ ಎಂದು ಹೆಸರು. 6.35 ಮಿಲಿಮೀಟರ್ ದಪ್ಪದ ಪ್ಲಗ್ ಇವುಗಳಲ್ಲಿ ಸೇರುತ್ತದೆ. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಕೇಂದ್ರಗಳಲ್ಲಿ ಕರೆಗಳನ್ನು ಜೋಡಿಸಲು ಬಳಸುತ್ತಿದ್ದ ಪ್ಲಗ್ಗಿನ ವಂಶವೇ ಇದು. ಧ್ವನಿ ಹೊರಬರುವ ಜ್ಯಾಕುಗಳು ಸಾಮಾನ್ಯವಾಗಿ ಎರಡು: ಒಂದು ಎಡಭಾಗದ ಧ್ವನಿಗೆ, ಇನ್ನೊಂದು ಬಲಭಾಗದ ಧ್ವನಿಗೆ. ಒಂದೇ ಸ್ಪೀಕರ್ ಇದ್ದರೆ ‘ಮೊನೊ’ ಎಂದು ಗುರುತಿಸಿದ ಜ್ಯಾಕನ್ನು ಮಾತ್ರ ಬಳಸಬೇಕು. ಆಗ ಎರಡೂ ಭಾಗಗಳ ಧ್ವನಿ ಅದರಲ್ಲಿಯೇ ಕೂಡಿ ಬರುತ್ತದೆ.

ಕೆರೆಯ ನೀರು ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಹರಿಯುವಂತೆ, ಧ್ವನಿಯ ಸಂಕೇತವು ವಾದ್ಯದಿಂದ ಮಿಕ್ಸರಿಗೆ, ಮಿಕ್ಸರಿನಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಸ್ಪೀಕರಿಗೆ ಹರಿಯುತ್ತದೆ. ಪ್ರತಿಯೊಂದು ಹಂತದಲ್ಲಿಯೂ ಅದರ ಬಲ ಬೇರೆ. ಮೈಕ್ರೋಫೋನಿನ ಸಂಕೇತ ಅತಿ ದುರ್ಬಲ. ಅದು ವೋಲ್ಟಿನ ಸಾವಿರದಲ್ಲಿ ಕೆಲವೇ ಅಂಶಗಳಷ್ಟು. ಸಿಂಥಸೈಜರಿನದು ಅದಕ್ಕಿಂತ ಎಷ್ಟೋ ಪಾಲು ಪ್ರಬಲ. ಆದ್ದರಿಂದ ಅದನ್ನು ಮಿಕ್ಸರಿನಲ್ಲಿ ‘ಲೈನ್’ ಎಂದು ಬರೆದಿರುವ ಸ್ಥಾನಕ್ಕೆ ಸೇರಿಸಬೇಕು. ಮೈಕ್ರೋಫೋನಿನ ಸ್ಥಾನಕ್ಕೆ ಸೇರಿಸಿದರೆ ಸಣ್ಣ ಕಾಲುವೆಗೆ ಪ್ರವಾಹ ನುಗ್ಗಿದಂತಾಗಿ ಧ್ವನಿ ಒಡೆದು ಗೊರಗೊರ ಎನ್ನುತ್ತದೆ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ಸಂಕೇತ ಎಲ್ಲಕ್ಕಿಂತ ಪ್ರಬಲ. ಅದನ್ನು ಮಿಕ್ಸರಿನ ಒಳದಾರಿಗೆ ಎಂದಿಗೂ ಸೇರಿಸಬಾರದು. ಸೇರಿಸಿದರೆ ಉಪಕರಣವೇ ಕೆಡಬಹುದು.

ವಾದ್ಯದಿಂದ ಬರುವ ಸಾಧಾರಣ ಕೇಬಲ್ ಉದ್ದವಾದಷ್ಟೂ ಸುತ್ತಲಿನ ವಿದ್ಯುತ್ತಿನ ಗದ್ದಲವನ್ನು ಹೀರಿಕೊಳ್ಳುತ್ತದೆ. ಮಿಕ್ಸರ್ ಸಭೆಯ ಹಿಂಬದಿಯಲ್ಲಿದ್ದರೆ ‘ಡಿ.ಐ. ಬಾಕ್ಸ್’ ಎಂಬ ಚಿಕ್ಕ ಪೆಟ್ಟಿಗೆಯನ್ನು ವಾದ್ಯದ ಬಳಿಯಲ್ಲಿಯೇ ಇಡುತ್ತಾರೆ. ಅದು ಸಂಕೇತವನ್ನು ಒಂದಕ್ಕೊಂದು ವಿರುದ್ಧವಾದ ಎರಡು ಪ್ರತಿಗಳನ್ನಾಗಿ ಮಾಡಿ, ಮೈಕ್ರೋಫೋನಿನ ಮಟ್ಟಕ್ಕೆ ತಗ್ಗಿಸಿ, ಎರಡು ಎಳೆಗಳಲ್ಲಿ ಕಳುಹಿಸುತ್ತದೆ. ಆದಕಾರಣ ಆ ಕೇಬಲನ್ನು ಮಾತ್ರ ಮೈಕ್ರೋಫೋನಿನ ಸ್ಥಾನಕ್ಕೆ ಸೇರಿಸುತ್ತಾರೆ. ದಾರಿಯಲ್ಲಿ ಹೊಕ್ಕ ಗದ್ದಲ ಎರಡು ಎಳೆಗಳಲ್ಲಿಯೂ ಒಂದೇ ಸಮನಾಗಿರುವುದರಿಂದ, ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ಸಂಗೀತ ಉಳಿಯುತ್ತದೆ.

ಕೆಲವು ಸಲ ಸ್ಪೀಕರಿನಿಂದ ಜೇನುಹುಳುವಿನ ಝೇಂಕಾರದಂತಹ ಸದ್ದು ಬಿಡದೆ ಬರುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳ ವೇಗದಲ್ಲಿ ದಿಕ್ಕು ಬದಲಿಸುವುದೇ ಈ ಸದ್ದಿನ ಮೂಲ. ಉಪಕರಣಗಳು ಬೇರೆ ಬೇರೆ ಕಡೆಗಳಲ್ಲಿ ಭೂಮಿಯ ಸಂಪರ್ಕ ಪಡೆದಾಗ ಇದು ಕಾಣಿಸಿಕೊಳ್ಳುತ್ತದೆ. ಎಲ್ಲವನ್ನೂ ಒಂದೇ ಕಡೆಯ ಪ್ಲಗ್ ಪಾಯಿಂಟಿಗೆ ಸೇರಿಸಿದರೆ ಎಷ್ಟೋ ವೇಳೆ ತೊಂದರೆ ನೀಗುತ್ತದೆ. ಸದ್ದನ್ನು ಅಡಗಿಸಲೆಂದು ಪ್ಲಗ್ಗಿನ ಮೂರನೆಯ, ದಪ್ಪನೆಯ ಕಡ್ಡಿಯನ್ನು ತೆಗೆದುಹಾಕುವವರುಂಟು. ಇದು ಪ್ರಾಣಾಪಾಯದ ಕೆಲಸ. ವಿದ್ಯುತ್ತು ಸೋರಿದಾಗ ಅದನ್ನು ಭೂಮಿಗೆ ಸಾಗಿಸಿ ವಾದಕನ ಜೀವವನ್ನು ಕಾಯುವುದು ಆ ಕಡ್ಡಿಯೇ.

ಇನ್ನು ಪೆಡಲುಗಳ ವಿಷಯ. ಸಾಮಾನ್ಯ ಹಾರ್ಮೋನಿಯಂ ನುಡಿಸುವವನ ಒಂದು ಕೈ ತಿದಿಯನ್ನೊತ್ತುವುದರಲ್ಲಿಯೇ ತೊಡಗಿರುತ್ತದೆ. ನಮ್ಮ ವೃತ್ತಿನಾಟಕ ಕಂಪನಿಗಳಲ್ಲಿ ಮೆರೆದ ಕಾಲು ಹಾರ್ಮೋನಿಯಂ ಆ ಕೆಲಸವನ್ನು ಕಾಲಿಗೆ ವಹಿಸಿ ಎರಡು ಕೈಗಳನ್ನೂ ಬಿಡುಗಡೆ ಮಾಡಿತು. ಕೈಗೆ ಬಿಡುವಿಲ್ಲದಾಗ ಕಾಲು ನೆರವಾಗಬೇಕೆಂಬ ಈ ವಿವೇಕವೇ ಸಿಂಥಸೈಜರಿನ ಪೆಡಲಿನಲ್ಲಿಯೂ ಇದೆ.

ಪೆಡಲುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಸಸ್ಟೇನ್ ಪೆಡಲ್. ಇದು ಕೇವಲ ಒಂದು ಸ್ವಿಚ್ಚು. ಒತ್ತಿ ಹಿಡಿದರೆ, ಬೆರಳನ್ನು ತೆಗೆದ ಮೇಲೂ ಸ್ವರ ನಿಲ್ಲುತ್ತದೆ. ಎರಡನೆಯದು ಎಕ್ಸ್‌ಪ್ರೆಷನ್ ಪೆಡಲ್. ಪಾದ ಬಾಗಿದಷ್ಟೂ ಇದರೊಳಗಿನ ವಿದ್ಯುತ್ ರೋಧ ಬದಲಾಗುವುದರಿಂದ ಸ್ವರವನ್ನು ಮೆಲ್ಲಗೆ ಉಬ್ಬಿಸಬಹುದು, ತಗ್ಗಿಸಬಹುದು. ಇವೆರಡೂ ವಾದ್ಯಕ್ಕೆ ಆಜ್ಞೆಯನ್ನು ಒಯ್ಯುತ್ತವೆ. ಇವುಗಳೊಳಗೆ ಧ್ವನಿ ಹರಿಯುವುದಿಲ್ಲ. ಆದ್ದರಿಂದ ಇವುಗಳನ್ನು ‘ಪೆಡಲ್’ ಎಂದು ಬರೆದ ಜ್ಯಾಕಿಗೇ ಸೇರಿಸಬೇಕು. ಮೂರನೆಯದು ಪ್ರತಿಧ್ವನಿ ಮೊದಲಾದ ಪರಿಣಾಮಗಳನ್ನು ಕೂಡಿಸುವ ಎಫೆಕ್ಟ್ ಪೆಡಲ್. ಇದರೊಳಗೆ ಧ್ವನಿಯೇ ಹರಿಯಬೇಕಾದುದರಿಂದ ಇದರ ಸ್ಥಾನ ವಾದ್ಯಕ್ಕೂ ಮಿಕ್ಸರಿಗೂ ನಡುವೆ. ಪ್ಲಗ್ಗುಗಳು ನೋಡಲು ಒಂದೇ ರೀತಿಯಾಗಿದ್ದರೂ ಅವು ಮಾಡುವ ಕೆಲಸ ಒಂದೇ ಅಲ್ಲವೆಂಬುದನ್ನು ಮರೆಯಬಾರದು.

ಸಸ್ಟೇನ್ ಪೆಡಲಿನಲ್ಲಿ ಒಂದು ವಿಚಿತ್ರವುಂಟು. ಕೆಲವು ತಯಾರಕರ ಪೆಡಲಿನಲ್ಲಿ ಒತ್ತಿದಾಗ ವಿದ್ಯುತ್ ಸಂಪರ್ಕ ಕೂಡುತ್ತದೆ. ಇನ್ನು ಕೆಲವರದರಲ್ಲಿ ಒತ್ತಿದಾಗ ಕಡಿಯುತ್ತದೆ. ವಾದ್ಯ ಒಬ್ಬರದು, ಪೆಡಲ್ ಇನ್ನೊಬ್ಬರದು ಆದರೆ, ಒತ್ತದಿರುವಾಗ ಸ್ವರಗಳು ಒಂದರ ಮೇಲೊಂದು ಮೊರೆಯುತ್ತವೆ, ಒತ್ತಿದಾಗ ನಿಂತುಬಿಡುತ್ತವೆ! ಅನೇಕ ವಾದ್ಯಗಳು ಚಾಲೂ ಆಗುವ ಕ್ಷಣದಲ್ಲಿ ಪೆಡಲಿನ ಸ್ಥಿತಿಯನ್ನು ತಾವೇ ಅರಿತುಕೊಳ್ಳುತ್ತವೆ. ಆದಕಾರಣ ಪೆಡಲನ್ನು ಮೊದಲೇ ಸೇರಿಸಿ, ಅದರ ಮೇಲೆ ಕಾಲಿಡದೆ ವಾದ್ಯವನ್ನು ಚಾಲೂ ಮಾಡಬೇಕು.

ಒಂದು ವಾದ್ಯ ಇನ್ನೊಂದಕ್ಕೆ ಆಜ್ಞೆ ನೀಡುವ ದಾರಿಯೂ ಉಂಟು. ಇದಕ್ಕೆ ಮಿಡಿ ಎಂದು ಹೆಸರು. 1983ರ ಜನವರಿಯಲ್ಲಿ ಅಮೆರಿಕದ ಸಂಸ್ಥೆಯೊಂದರ ಪ್ರಾಫೆಟ್-600 ಮತ್ತು ಜಪಾನಿನ ಸಂಸ್ಥೆಯೊಂದರ ಜುಪಿಟರ್-6 ಎಂಬ ವಾದ್ಯಗಳನ್ನು ಹೀಗೆ ಬೆಸೆದು ಸಾರ್ವಜನಿಕವಾಗಿ ತೋರಿಸಲಾಯಿತು. ವ್ಯಾಪಾರದಲ್ಲಿ ಎದುರಾಳಿಗಳಾಗಿದ್ದವರು ಒಂದು ಸಮಾನ ಭಾಷೆಗೆ ಒಪ್ಪಿದರು. ಇದಕ್ಕಾಗಿ ದುಡಿದ ಡೇವ್ ಸ್ಮಿತ್ ಮತ್ತು ಇಕುತಾರೋ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಮಿಡಿ ತಂತಿಯಲ್ಲಿ ಧ್ವನಿ ಹರಿಯುವುದಿಲ್ಲ. ಯಾವ ಸ್ವರ, ಎಷ್ಟು ಬಲ ಎಂಬ ಸೂಚನೆಗಳು 0ಯಿಂದ 127ರವರೆಗಿನ ಅಂಕಿಗಳಲ್ಲಿ ಹರಿಯುತ್ತವೆ. ಅದು ಬರೆದಿಟ್ಟ ಸ್ವರಲಿಪಿಯಂತೆ. ಲಿಪಿ ತಾನೇ ಹಾಡಲಾರದು.

ಜೋಡಣೆ ಮುಗಿದ ಮೇಲೂ ಒಂದು ಕ್ರಮವುಂಟು. ಮೊದಲು ಎಲ್ಲ ಧ್ವನಿಮಟ್ಟಗಳನ್ನೂ ತಗ್ಗಿಸಿ, ವಾದ್ಯ, ಮಿಕ್ಸರ್, ಆಂಪ್ಲಿಫೈಯರ್ ಈ ಅನುಕ್ರಮದಲ್ಲಿ ಚಾಲೂ ಮಾಡಬೇಕು. ನಿಲ್ಲಿಸುವಾಗ ಆಂಪ್ಲಿಫೈಯರಿನಿಂದ ಆರಂಭಿಸಬೇಕು. ಈ ಕ್ರಮ ತಪ್ಪಿದರೆ ವಾದ್ಯ ಎಚ್ಚರಗೊಳ್ಳುವಾಗಿನ ವಿದ್ಯುತ್ತಿನ ಆಘಾತ ಸಾವಿರ ಪಾಲು ಹಿಗ್ಗಿ ಸ್ಪೀಕರಿಗೆ ಬಡಿಯುತ್ತದೆ. ಸ್ಪೀಕರ್ ಕೆಟ್ಟರೆ ಹೊಸದನ್ನು ತರಬಹುದು. ಕಿವಿ ಕೆಟ್ಟರೆ ತರುವುದೆಲ್ಲಿಂದ? ಒಳಗಿವಿಯ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ವಯಸ್ಕರು 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಮಟ್ಟ 90ಕ್ಕೇರಿದರೆ ಈ ಮಿತಿ ವಾರಕ್ಕೆ 4 ಗಂಟೆಗೆ ಇಳಿಯುತ್ತದೆ. ಹೆಡ್‌ಫೋನ್ ಧರಿಸಿ ಅಭ್ಯಾಸ ಮಾಡುವ ಎಳೆಯರು ಇದನ್ನು ವಿಶೇಷವಾಗಿ ನೆನಪಿಡಬೇಕು. ಮಕ್ಕಳ ಕಿವಿಗೆ ಇನ್ನೂ ಕಡಿಮೆ ಮಟ್ಟವೇ ಕ್ಷೇಮ.

ಧ್ವನಿ ಬಾರದೆ ಹೋದಾಗ ಗಾಬರಿಗೊಂಡು ಎಲ್ಲ ತಂತಿಗಳನ್ನೂ ಕಿತ್ತು ಮತ್ತೆ ಸೇರಿಸುವುದು ವ್ಯರ್ಥ. ವಾದ್ಯಕ್ಕೆ ಹೆಡ್‌ಫೋನ್ ಸೇರಿಸಿ ನೋಡಿ, ಅಲ್ಲಿ ಧ್ವನಿಯಿದ್ದರೆ ಕೇಬಲನ್ನು, ಅದು ಸರಿಯಾಗಿದ್ದರೆ ಮಿಕ್ಸರನ್ನು, ಹೀಗೆ ಮೂಲದಿಂದ ಒಂದೊಂದೇ ಹೆಜ್ಜೆ ಪರೀಕ್ಷಿಸುತ್ತ ಹೋದರೆ ದೋಷ ತಾನಾಗಿ ಸಿಕ್ಕಿಬೀಳುತ್ತದೆ.

ವೀಣೆಯ ಶ್ರುತಿ ಮಾಡಿಕೊಳ್ಳದೆ ಯಾವ ವೈಣಿಕನೂ ಕಚೇರಿಯನ್ನು ಆರಂಭಿಸುವುದಿಲ್ಲ. ಶ್ರುತಿ ಮಾಡುವುದು ಸಂಗೀತಕ್ಕೆ ಹೊರತಾದ ಕೆಲಸವೆಂದು ಅವನು ಭಾವಿಸುವುದೂ ಇಲ್ಲ. ತಂತಿಗಳನ್ನು ಅರಿತು ಜೋಡಿಸುವುದು ಸಿಂಥಸೈಜರ್ ವಾದಕನ ಪಾಲಿನ ಶ್ರುತಿಕಾರ್ಯ. ಅದನ್ನು ಶ್ರದ್ಧೆಯಿಂದ ಮಾಡಿದವನ ವಾದನವು ಕೇಳುವವರ ಕಿವಿಯನ್ನು ನೋಯಿಸದೆ ಮನಸ್ಸನ್ನು ಮುಟ್ಟುತ್ತದೆ.